ಗೇರ್ ಆಯಿಲ್‌ಗೂ ಒಂದು ಪಂಪ್ ಬೇಕ್ರೀ!

ಸ್ಕೂಟರ್‌ಗೆ, ಕಾರಿಗೆ ಗೇರ್ ಆಯಿಲ್ ತುಂಬಿಸುವ ಕೈಪಂಪ್ ಕೆಲವು ನೂರು ರೂಪಾಯಿಯ ಸಾಮಾನು. ಆದರೆ ಯಾವುದು ತರಬೇಕು, ಯಾವುದು ತರಬಾರದು ಅನ್ನೋದು ಗೊತ್ತಿಲ್ಲದಿದ್ದರೆ ದುಡ್ಡೂ ದಂಡ, ಅಂಗಳವೂ ಜಿಡ್ಡು!

ಪಂಪ್ ಅಂದ ಕೂಡಲೇ ನಮ್ಮ ಹೆಂಗಸರಿಗೆ ನೆನಪಾಗುವುದು ಸಂಪಿನ ಮೋಟಾರು. ತೋಟ ಇರುವ ಮನೆಯವರಿಗೆ ಬೋರ್‌ವೆಲ್ಲು, ಔಷಧಿ ಹೊಡೆಯುವ ಸ್ಪ್ರೇಯರ್ರು. ಸ್ವಲ್ಪ ವಯಸ್ಸಾದವರಿಗಾದರೆ ಡಬ್ಬದಿಂದ ಸ್ಟೌವಿಗೆ ಸೀಮೆಎಣ್ಣೆ ಇಳಿಸುತ್ತಿದ್ದ ಪ್ಲಾಸ್ಟಿಕ್ ಪಂಪು. ಇಷ್ಟೆಲ್ಲಾ ಪಂಪುಗಳನ್ನು ಪಳಗಿಸಿದ ನಾವು 'ಗೇರ್ ಆಯಿಲ್ ಪಂಪ್' ಅಂದರೆ ಮಾತ್ರ 'ಅದೆಲ್ಲಾ ನಮ್ಮನೆಯವರ ಡಿಪಾರ್ಟ್‌ಮೆಂಟು' ಅಂತ ಮುಖ ತಿರುಗಿಸಿಬಿಡುತ್ತೇವೆ.

ಆದರೆ ಒಂದು ಮಾತು ಯೋಚಿಸಿ. ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವುದು ಯಾರು? ತರಕಾರಿ, ಟ್ಯೂಷನ್ನು, ಬ್ಯಾಂಕು, ಅತ್ತೆಯವರ ಮಾತ್ರೆ ಅಂತ ದಿನಕ್ಕೆ ನಾಲ್ಕು ಸಲ ಸ್ಕೂಟರ್ ಹತ್ತಿ ಇಳಿಯುವುದು ಯಾರು? ನಮ್ಮ ಬಟವಾಡಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಎಪಿಎಂಸಿ ಯಾರ್ಡಿಗೆ ನುಗ್ಗುವ ಲಾರಿ, ಟ್ರ್ಯಾಕ್ಟರ್. ಇನ್ನೊಂದು ಕಡೆ ಬಿ.ಎಚ್. ರಸ್ತೆಯಲ್ಲಿ ಬೆಂಗಳೂರಿಗೆ ಓಡುವ ಬಸ್ಸು. ಅದರ ನಡುವೆ ಸ್ಕೂಟರ್ ಓಡಿಸುವವರು ನಾವು. ಆ ಸ್ಕೂಟರಿನ ಹೊಟ್ಟೆಯಲ್ಲಿ ಎಣ್ಣೆ ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳುವುದೂ ನಮ್ಮದೇ ಕೆಲಸ ಅಲ್ಲವೇ?

ಎಲ್ಲೋ ಮರೆತುಹೋಗುವ ಎಣ್ಣೆ

ಎಂಜಿನ್ ಆಯಿಲ್ ಎಲ್ಲರಿಗೂ ಗೊತ್ತು. ಅದರ ಮಟ್ಟ ನೋಡಲು ಒಂದು ಕಡ್ಡಿ ಇರುತ್ತದೆ. ತೆಗೆದು, ಒರೆಸಿ, ಅದ್ದಿ ನೋಡಬಹುದು. ಆದರೆ ಗೇರ್ ಇಲ್ಲದ ಸ್ಕೂಟರ್‌ಗಳಲ್ಲೂ ಹಿಂದಿನ ಚಕ್ರದ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಹಲ್ಲಿನ ಚಕ್ರಗಳಿರುತ್ತವೆ. ಎಂಜಿನ್ನಿನ ಜೋರು ಸುತ್ತನ್ನು ಇಳಿಸಿ ಗಾಲಿಗೆ ಶಕ್ತಿ ಕೊಡುವುದು ಇವೇ. ಅವುಗಳಿಗೆ ಬೇರೆಯೇ ಎಣ್ಣೆ. ಎಷ್ಟು ಅಂತೀರಾ? ಹೋಂಡಾ ಆಕ್ಟಿವಾದಂಥ ಸ್ಕೂಟರ್‌ನಲ್ಲಿ ಬದಲಿಸುವಾಗ ಹಾಕುವುದು ಸುಮಾರು 120 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಕಾಫಿ ಲೋಟದಷ್ಟು. ಅಳೆದು ನೋಡಲು ಸಾಮಾನ್ಯವಾಗಿ ಕಡ್ಡಿಯೂ ಇರುವುದಿಲ್ಲ. ಕಣ್ಣಿಗೆ ಕಾಣದ್ದು ಮರೆತುಹೋಗುತ್ತದೆ. ಮರೆತರೆ ಅದು ಸುಮ್ಮನಿರುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ಆರ್ಡರ್ ಕೊಟ್ಟವರ ಮನೆಗೆ ಸ್ಕೂಟರಿನಲ್ಲೇ ತಲುಪಿಸುತ್ತಾರೆ. ಸ್ಕೂಟರ್ ನಿಂತರೆ ಅವರ ಸಂಪಾದನೆ ನಿಂತ ಹಾಗೆ. ಗ್ಯಾರೇಜೊಂದರಲ್ಲಿ ಎರಡು ಸಲ ಸರ್ವೀಸ್ ಆಗಿತ್ತು. ಎರಡೂ ಬಿಲ್ಲಿನಲ್ಲಿ 'ಗೇರ್ ಆಯಿಲ್' ಅಂತ ಬರೆದು ದುಡ್ಡು ತೆಗೆದುಕೊಂಡಿದ್ದರು. ಸ್ವಲ್ಪ ದಿನದಲ್ಲೇ ಹಿಂದಿನ ಚಕ್ರದಿಂದ 'ಗೊಂಯ್' ಅನ್ನುವ ಸದ್ದು ಶುರುವಾಯಿತು. ಬೇರೆ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿದವನೇ, ''ಅಕ್ಕಾ, ಈ ಬೋಲ್ಟ್ ಬಿಚ್ಚಿ ವರ್ಷಗಳೇ ಆಗಿರಬೇಕು ನೋಡಿ, ಮಣ್ಣು ಹಂಗೇ ಕಟ್ಟಿಕೊಂಡಿದೆ'' ಅಂದ. ಬಿಚ್ಚಿದಾಗ ಹೊರಬಂದದ್ದು ನಾಲ್ಕು ಚಮಚ ಕರೀ ಗಸಿ. ಬೇರಿಂಗ್ ಹೋಗಿತ್ತು. ನೂರು ರೂಪಾಯಿ ಆಸುಪಾಸಿನ ಎಣ್ಣೆಗೆ ಬದಲು ಸಾವಿರಗಟ್ಟಲೆ ಖರ್ಚು, ಮೇಲೆ ಒಂದು ವಾರ ಆಟೋ ಬಾಡಿಗೆ! ಆ ಅಕ್ಕ ಆಮೇಲೆ ಮಾಡಿದ ಮೊದಲ ಕೆಲಸ ಅಂದರೆ ಒಂದು ಕೈಪಂಪ್ ತಂದದ್ದು.

ಇಷ್ಟಕ್ಕೇ ಮುಗಿಯುವುದಿಲ್ಲ. ಆಯಿಲ್ ಸೀಲ್ ಸವೆದರೆ ಈ ಎಣ್ಣೆ ಹಿಂದಿನ ಚಕ್ರದ ಬ್ರೇಕ್ ಶೂ ಮೇಲೆ ಸೋರುತ್ತದೆ. ಆಗ ಬ್ರೇಕ್ ಹಿಡಿಯುವುದಿಲ್ಲ. ಎಣ್ಣೆ ಪೂರ್ತಿ ಒಣಗಿದರೆ ಚಕ್ರವೇ ಬಿಗಿದು ನಿಲ್ಲಬಹುದು. ಹಿಂದೆ ಮಗು ಕೂತಿರುವಾಗ ಹೀಗಾದರೆ? ಆದ್ದರಿಂದ ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ.

ಪಂಪ್ ಯಾಕೆ, ಲಾಳಿಕೆ ಸಾಲದೇ?

ಒಳ್ಳೆಯ ಪ್ರಶ್ನೆ. ಎಂಜಿನ್ ಆಯಿಲ್ ಹಾಕುವ ಬಾಯಿ ಮೇಲ್ಮುಖವಾಗಿರುತ್ತದೆ. ಲಾಳಿಕೆ ಇಟ್ಟು ಸುರಿದರಾಯಿತು. ಗೇರ್ ಬಾಕ್ಸಿನ ಬಾಯಿ ಹಾಗಲ್ಲ, ಅದು ಸಾಮಾನ್ಯವಾಗಿ ಪಕ್ಕದ ಗೋಡೆಯಲ್ಲಿರುವ ತೂತು. ಬಿಂದಿಗೆಯ ಬಾಯಿಗಾದರೆ ನೀರು ಸುರಿಯಬಹುದು, ಹೊಟ್ಟೆಯಲ್ಲಿರುವ ತೂತಿಗೆ ಸುರಿಯುವುದು ಹೇಗೆ? ಒತ್ತಡ ಕೊಟ್ಟು ಅಡ್ಡಡ್ಡ ತಳ್ಳಬೇಕು. ಅದಕ್ಕೇ ಪಂಪ್.

ಎರಡನೆಯ ಕಾರಣ ಎಣ್ಣೆಯ ಮಂದತನ. ಕಾರು, ಟ್ರ್ಯಾಕ್ಟರಿಗೆ ಹಾಕುವ 80ಡಬ್ಲ್ಯು-90 ಗೇರ್ ಆಯಿಲ್ ನೋಡಿದ್ದೀರಾ? ಹರಳೆಣ್ಣೆಯ ಜಾತಿ, ನೂಲಿನ ಹಾಗೆ ಇಳಿಯುತ್ತದೆ. 40 ಡಿಗ್ರಿ ಬಿಸಿಯಲ್ಲಿ ಇಟ್ಟು ಅಳೆದರೆ ಇದು ಸೀಮೆಎಣ್ಣೆಗಿಂತ ಸುಮಾರು ನೂರು ಪಟ್ಟು ಮಂದ. ಇನ್ನು ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕೇಳಲೇಬೇಡಿ. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಗೇರ್ ಆಯಿಲ್ ಹಾಗೆ ಹೆಪ್ಪುಗಟ್ಟದಿದ್ದರೂ ಹರಿಯಲು ಸೋಮಾರಿತನ ಮಾಡುತ್ತದೆ.

ಹಾಗಾಗಿ ಅಟ್ಟದ ಮೇಲಿನ ಹಳೇ ಸೀಮೆಎಣ್ಣೆ ಪಂಪ್ ಇಳಿಸಿ 'ಇದೇ ಸಾಕು' ಅನ್ನಬೇಡಿ. ತೆಳುವಾದ ಎಣ್ಣೆಗೆ ಮಾಡಿದ ಆ ಪಂಪ್ ಗೇರ್ ಆಯಿಲಿನ ಮುಂದೆ ಉಸಿರುಗಟ್ಟುತ್ತದೆ.

ಚಕ್ಕುಲಿ ಒರಳೋ, ಮಿಕ್ಸಿಯೋ?

ಅಂಗಡಿಯಲ್ಲಿ ಹತ್ತು ಬಗೆಯ ಪಂಪ್ ತೋರಿಸುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಪಂಪುಗಳಲ್ಲಿ ಎರಡೇ ಜಾತಿ.

ಒಂದು, ಮಿಕ್ಸಿ ಜಾತಿ. ಒಳಗೆ ರೆಕ್ಕೆ ಜೋರಾಗಿ ತಿರುಗಿ ದ್ರವವನ್ನು ಎಸೆಯುತ್ತದೆ. ನೀರಿಗೆ, ಡೀಸೆಲ್‌ಗೆ ಇದು ಸೊಗಸು. ಆದರೆ ಗಟ್ಟಿ ಚಟ್ನಿ ರುಬ್ಬುವಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಬ್ಲೇಡು ತಿರುಗುತ್ತಲೇ ಇರುತ್ತದೆ, ಚಟ್ನಿ ಮಾತ್ರ ಜಾರಿನ ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಮಂದ ಎಣ್ಣೆಯಲ್ಲೂ ಅಷ್ಟೇ. ಹನ್ನೆರಡು ವೋಲ್ಟ್ ಬ್ಯಾಟರಿಗೆ ಸಿಕ್ಕಿಸುವ ಅಗ್ಗದ ಡೀಸೆಲ್ ಪಂಪುಗಳಲ್ಲಿ ಬಹಳಷ್ಟು ಈ ಜಾತಿಯವು. 'ಆಯಿಲ್‌ಗೂ ಆಗುತ್ತೆ ಮೇಡಂ' ಅಂತ ಮಾರುತ್ತಾರೆ. ಗೇರ್ ಆಯಿಲ್‌ಗೆ ಹಾಕಿದರೆ ಮೋಟಾರು ಬಿಸಿಯಾಗಿ ಸುಟ್ಟುಹೋಗಬಹುದು.

ಇನ್ನೊಂದು, ಚಕ್ಕುಲಿ ಒರಳಿನ ಜಾತಿ. ಹಿಟ್ಟು ತುಂಬಿ ಮೇಲಿಂದ ಒತ್ತಿದರೆ ಎಷ್ಟು ಒತ್ತಿದೆವೋ ಅಷ್ಟು ಹೊರಬರಲೇಬೇಕು. ಹಿಟ್ಟು ಗಟ್ಟಿಯಾದರೆ ಕೈಗೆ ಶ್ರಮ ಜಾಸ್ತಿ ಅಷ್ಟೇ. ಸಿರಿಂಜು, ಪಿಚಕಾರಿ, ಕೊಂತ ಇರುವ ಕೈಪಂಪ್, ಎರಡು ಹಲ್ಲುಚಕ್ರ ಒಂದಕ್ಕೊಂದು ಕಚ್ಚಿ ತಿರುಗುವ ಗೇರ್ ಪಂಪ್ ಎಲ್ಲವೂ ಇದೇ ಜಾತಿ. ಗೇರ್ ಆಯಿಲ್‌ಗೆ ಬೇಕಾದ್ದು ಇದು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೆದ್ದಂತೆ.

ನಿಮ್ಮ ಮನೆಗೆ ಯಾವುದು?

ಪಂಪ್ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು ಬೆಲೆಯನ್ನಲ್ಲ, 'ನಮ್ಮ ಗಾಡಿ ಎಷ್ಟು ಎಣ್ಣೆ ಕುಡಿಯುತ್ತದೆ?' ಅನ್ನುವುದನ್ನು.

ಸ್ಕೂಟರ್ ಮಾತ್ರ ಇದ್ದರೆ: ನೂರು, ನೂರಿಪ್ಪತ್ತು ಮಿ.ಲೀ.ಗೆ ದೊಡ್ಡ ಪಂಪ್ ದಂಡ. ಮೆಡಿಕಲ್ ಶಾಪಿನಲ್ಲಿ ಸಿಗುವ 60 ಮಿ.ಲೀ. ದೊಡ್ಡ ಸಿರಿಂಜಿಗೆ ಒಂದು ಗೇಣುದ್ದದ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದರೆ ಎರಡೇ ಸಲಕ್ಕೆ 120 ಮುಗಿಯಿತು. ಮೈಮೇಲೆ ಅಳತೆಯ ಗೆರೆಯೂ ಇರುತ್ತದೆ, ಲೆಕ್ಕ ತಪ್ಪುವುದಿಲ್ಲ. ಒಂದೇ ಕೊರತೆ ಅಂದರೆ ಅದರ ರಬ್ಬರ್ ಎಣ್ಣೆಗೆ ಮಾಡಿದ್ದಲ್ಲ. ಕೆಲದಿನಕ್ಕೆ ಊದಿ ಬಿಗಿಯಾಗುತ್ತದೆ. ಒಂದೆರಡು ಸಲಕ್ಕೆ ಸಾಕು. ಬಾಳಿಕೆ ಬೇಕೆಂದರೆ ಆಟೋಮೊಬೈಲ್ ಅಂಗಡಿಯಲ್ಲಿ 200 ಮಿ.ಲೀ.ನ ಆಯಿಲ್ ಸಿರಿಂಜ್ ಕೇಳಿ. ಮಗುವಿಗೆ ಔಷಧಿ ಕುಡಿಸುವ ಸಿರಿಂಜನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಎಣ್ಣೆಗೆ ಬಳಸಿದ್ದನ್ನು ಮತ್ತೆ ಔಷಧಿ ಡಬ್ಬಿಗೆ ಸೇರಿಸಲೂಬೇಡಿ.

ಸಣ್ಣ ಕಾರು ಇದ್ದರೆ: ಕೈಗೇರಿನ ಸಣ್ಣ ಕಾರಿಗೆ ಎರಡು ಲೀಟರ್ ಆಸುಪಾಸು ಬೇಕು. ಅರ್ಧ ಲೀಟರ್ ಹಿಡಿಯುವ ಲೋಹದ ಪಿಚಕಾರಿ ಪಂಪ್ ಆದರೆ ನಾಲ್ಕೈದು ಸಲ ತುಂಬಬೇಕು. ಇದರ ಬದಲು ಕ್ಯಾನಿನ ಬಾಯಿಗೇ ತಿರುಗಿಸಿ ಕೂರಿಸುವ ಪಂಪ್ ಬರುತ್ತದೆ. ಬಚ್ಚಲುಮನೆಯ ಹ್ಯಾಂಡ್‌ವಾಷ್ ಬಾಟಲಿಯ ತಲೆ ಇರುತ್ತದಲ್ಲ, ಅದರ ದೊಡ್ಡಣ್ಣ. ತುಂಬುವ ರಗಳೆ ಇಲ್ಲ, ಒತ್ತುತ್ತಾ ಹೋದರಾಯಿತು. ಆದರೆ ಎಲ್ಲ ಕಂಪನಿಯ ಕ್ಯಾನಿನ ಮರೆ ಒಂದೇ ಅಳತೆ ಇರುವುದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾನಿನ ಮುಚ್ಚಳ ಪರ್ಸಿಗೆ ಹಾಕಿಕೊಂಡು ಹೋಗಿ. ಬ್ಲೌಸ್ ಪೀಸಿಗೆ ಸೀರೆ ಒಯ್ಯುವುದಿಲ್ಲವೇ, ಹಾಗೆ!

ತೋಟ, ಟ್ರ್ಯಾಕ್ಟರ್ ಇದ್ದರೆ: ಗುಬ್ಬಿ, ಕುಣಿಗಲ್ ಕಡೆ ತವರುಮನೆ ಇರುವವರು ಇದನ್ನು ಅಣ್ಣತಮ್ಮಂದಿರಿಗೆ ಹೇಳಿ. ಟಿಲ್ಲರ್, ಟ್ರ್ಯಾಕ್ಟರಿಗೆ ಬೇಕಾಗುವುದು ಹಲವು ಲೀಟರ್. ಅಂಥವರಿಗೆ 20 ಲೀಟರ್ ಬಕೆಟ್ ಮೇಲೆ ಕೂರಿಸುವ, ಹಿಡಿಕೆ ಎತ್ತಿ ಒತ್ತುವ ಪಂಪ್ ಸರಿ. ದೊಡ್ಡ ಬ್ಯಾರೆಲ್ಲಿಗಾದರೆ ಕೈಯಲ್ಲಿ ತಿರುಗಿಸುವ ರೋಟರಿ ಪಂಪ್. ನಮ್ಮಂಥ ಸಿಟಿ ಮನೆಗಳಿಗೆ ಇವು ಬೇಡ. ಇಡಲು ಜಾಗವೂ ಇಲ್ಲ.

ಎಣ್ಣೆ ಹೀರುವ ಪಂಪ್: ಹಳೇ ಎಣ್ಣೆಯನ್ನು ಮೇಲಿಂದಲೇ ಹೀರಿ ತೆಗೆಯುವ ಪಂಪುಗಳೂ ಇವೆ. ಗೇರ್ ಬಾಕ್ಸಿನ ಮಟ್ಟಿಗೆ ಇದು ಅಷ್ಟು ಒಳ್ಳೆಯದಲ್ಲ. ಸವೆದ ಲೋಹದ ಪುಡಿ ತಳದಲ್ಲೇ ಕೂತುಬಿಡುತ್ತದೆ. ಸಾಂಬಾರನ್ನು ಮೇಲಿಂದ ಸೌಟಿನಲ್ಲಿ ತೆಗೆದರೆ ಬೇಳೆ ತಳದಲ್ಲೇ ಉಳಿಯುವ ಹಾಗೆ. ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸುವುದೇ ಸರಿ.

ಕೊಳ್ಳುವಾಗ ನೋಡಬೇಕಾದ್ದು

* ಪೈಪಿನ ದಪ್ಪ: ಇದು ಬಹಳ ಜನ ಗಮನಿಸದ ವಿಷಯ. ಪೈಪಿನ ಒಳಗಿನ ಅಗಲ ಅರ್ಧವಾದರೆ ಎಣ್ಣೆ ಅರ್ಧಕ್ಕೆ ಇಳಿಯುತ್ತದೆ ಅಂದುಕೊಂಡಿರಾ? ಇಲ್ಲ, ಅದೇ ಒತ್ತಡದಲ್ಲಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ! ಅದಕ್ಕೇ ಕೆಲವು ಪಂಪ್ ಒತ್ತಿ ಒತ್ತಿ ಕೈ ಸೋತರೂ ಎಣ್ಣೆ ಬರುವುದಿಲ್ಲ. ಗಾಡಿಯ ತೂತಿನೊಳಗೆ ಹೋಗುವಷ್ಟರಲ್ಲಿ ಅತಿ ಅಗಲದ, ಬೇಕಾದ್ದಕ್ಕಿಂತ ಉದ್ದವಿಲ್ಲದ ಪೈಪ್ ಇರುವುದನ್ನು ಆರಿಸಿ.

* ಪೈಪಿನ ಜಾತಿ: ಪಾರದರ್ಶಕ ಪೈಪಿನಲ್ಲಿ ಎಣ್ಣೆ ಬರುವುದು ಕಾಣುತ್ತದೆ, ಗಾಳಿ ಗುಳ್ಳೆಯೂ ಕಾಣುತ್ತದೆ. ಆದರೆ ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬದಲಿ ಪೈಪ್ ಸಿಗುತ್ತದೆಯೇ ಕೇಳಿ.

* ಒಳಗಿನ ರಬ್ಬರ್: 'ನೈಟ್ರೈಲ್' ರಬ್ಬರಿನ ವಾಷರ್ ಎಣ್ಣೆಗೆ ತಡೆಯುತ್ತದೆ. ಸಾಮಾನ್ಯ ರಬ್ಬರ್ ಊದಿಕೊಳ್ಳುತ್ತದೆ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಪ್ಯಾಕೆಟ್ ಮೇಲೆ ಓದಿ.

* ಬೆರಳಿನ ಪರೀಕ್ಷೆ: ಪೈಪಿನ ತುದಿಯನ್ನು ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿಕೆ ಎಳೆಯಿರಿ. ಬೆರಳನ್ನು ಒಳಗೆ ಎಳೆದು ಹಿಡಿದಂತೆ ಆಗಬೇಕು. ಹಿಡಿಕೆ ಸಲೀಸಾಗಿ ಬಂದುಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆ ಅಂತಲೇ ಅರ್ಥ. ಗಾಳಿ ಸೋರುವ ಪಂಪ್ ನಾಳೆ ಎಣ್ಣೆಯನ್ನೂ ಸೋರಿಸುತ್ತದೆ.

* ತುದಿಯ ಬಾಗು: ಗೇರ್ ಬಾಕ್ಸಿನ ತೂತಿಗೆ ಕೈ ಹೋಗದ ಜಾಗವೇ ಹೆಚ್ಚು. ತುದಿ ಕೊಕ್ಕೆಯ ಹಾಗೆ ಬಾಗಿದ್ದರೆ ತೂತಿನಿಂದ ಜಾರುವುದಿಲ್ಲ.

* ಒಂದು ಒತ್ತಿಗೆ ಎಷ್ಟು: ಕ್ಯಾನ್ ಪಂಪಿನಲ್ಲಿ ಒಂದು ಸಲ ಒತ್ತಿದರೆ ಎಷ್ಟು ಮಿ.ಲೀ. ಬರುತ್ತದೆ ನೋಡಿ. ಗೊತ್ತಿಲ್ಲದಿದ್ದರೆ ಹತ್ತು ಸಲ ಒತ್ತಿ ಹಳೇ ಅಳತೆಯ ಲೋಟಕ್ಕೆ ಹಿಡಿದು ಲೆಕ್ಕ ಹಾಕಿ, ಎಣ್ಣೆಯನ್ನು ಕ್ಯಾನಿಗೇ ವಾಪಸ್ ಸುರಿಯಿರಿ. ಲೋಟ ಒಣಗಿರಬೇಕು, ಚೊಕ್ಕಟವಾಗಿರಬೇಕು. ಅದನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಎಣ್ಣೆಯಲ್ಲೂ ಮಡಿ-ಮೈಲಿಗೆ ಇದೆ!

ಇಲ್ಲಿ ಸ್ವಲ್ಪ ಹುಷಾರು. ಗೇರ್ ಆಯಿಲ್‌ಗೆ ಬಳಸಿದ ಪಂಪನ್ನು ಬ್ರೇಕ್ ಆಯಿಲ್‌ಗೆ ಯಾವ ಕಾರಣಕ್ಕೂ ಬಳಸಬೇಡಿ. ಹೆಸರಿಗೆ 'ಬ್ರೇಕ್ ಆಯಿಲ್' ಅಂದರೂ ಅದು ಎಣ್ಣೆಯಲ್ಲ, ಬೇರೆಯೇ ದ್ರವ. ಬ್ರೇಕಿನೊಳಗಿನ ರಬ್ಬರು ಆ ದ್ರವಕ್ಕೆ ಹೊಂದುವಂಥದ್ದು. ಸ್ವಲ್ಪ ಗೇರ್ ಆಯಿಲ್ ಸೇರಿದರೂ ಆ ರಬ್ಬರ್ ಊದಿಕೊಂಡು ಬ್ರೇಕ್ ಕೈಕೊಡಬಹುದು. ಆಮೇಲೆ ರಬ್ಬರ್ ಭಾಗಗಳನ್ನೆಲ್ಲಾ ಬದಲಿಸಬೇಕಾಗುತ್ತದೆ. ಪಂಪಿಗೆ ಒಂದು ಕೆಂಪು ದಾರ ಕಟ್ಟಿ, 'ಗೇರ್ ಆಯಿಲ್ ಮಾತ್ರ' ಅಂತ ಚೀಟಿ ಅಂಟಿಸಿ. ಉಪ್ಪಿನಕಾಯಿ ಭರಣಿಗೆ ಬೇರೆ ಸೌಟು ಇಟ್ಟಿರುವುದಿಲ್ಲವೇ ನಾವು?

ಎಣ್ಣೆ ಕೊಳ್ಳುವಾಗಲೂ ಗಾಡಿಯ ಪುಸ್ತಕ ನೋಡಿ. ಎಲ್ಲ ಸ್ಕೂಟರಿಗೂ ಒಂದೇ ಎಣ್ಣೆ ಅಲ್ಲ. ಆಕ್ಟಿವಾಗೆ ಕಂಪನಿ ಹೇಳುವುದು 10ಡಬ್ಲ್ಯು-30 ಎಂಜಿನ್ ಆಯಿಲನ್ನೇ. ಕಾರುಗಳಿಗೆ ಬೇರೆ. ಕಾರಿನ ಎಣ್ಣೆಯ ಡಬ್ಬದ ಮೇಲೆ 'ಜಿಎಲ್-4', 'ಜಿಎಲ್-5' ಅಂತ ಬರೆದಿರುತ್ತದೆ. 'ಐದು ಅಂದರೆ ನಾಲ್ಕಕ್ಕಿಂತ ಒಳ್ಳೆಯದು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕೈಗೇರಿನ ಕಾರುಗಳ ಒಳಗಿರುವ ಹಿತ್ತಾಳೆಯ ಉಂಗುರಗಳನ್ನು ಅದು ತಿನ್ನಬಹುದು. ಪುಸ್ತಕ 'ನಾಲ್ಕು' ಅಂದರೆ ನಾಲ್ಕೇ. ಹಾಗೆಯೇ '90' ಅಂತಿರುವ ಗೇರ್ ಆಯಿಲ್ '40' ಎಂಜಿನ್ ಆಯಿಲಿಗಿಂತ ಎರಡು ಪಟ್ಟು ಗಟ್ಟಿ ಅಂತಲೂ ಅಲ್ಲ. ಎರಡರ ಅಳತೆಗೋಲೇ ಬೇರೆ. ಎಂಜಿನ್ ಬಿಸಿಯಲ್ಲಿ ಎರಡೂ ಹತ್ತಿರ ಹತ್ತಿರವೇ ಇರುತ್ತವೆ.

ಬೈಕ್ ಇರುವ ಮನೆಯವರಿಗೆ ಒಂದು ಮಾತು. ಈಗಿನ ಬಹುತೇಕ ಗೇರ್ ಬೈಕುಗಳಲ್ಲಿ ಎಂಜಿನ್ ಆಯಿಲೇ ಗೇರಿಗೂ ಸಾಕು, ಬೇರೆ ಎಣ್ಣೆ ಇಲ್ಲ. ಬಿಲ್ಲಿನಲ್ಲಿ ಬೈಕಿಗೂ 'ಗೇರ್ ಆಯಿಲ್' ಅಂತ ಬಂದಿದ್ದರೆ 'ಎಲ್ಲಿಗೆ ಹಾಕಿದ್ರಿ?' ಅಂತ ಕೇಳಬಹುದು! ಹಳೇ ಎರಡು ಸ್ಟ್ರೋಕಿನ ಬಜಾಜ್ ಚೇತಕ್ ಯಾರ ಮನೆಯಲ್ಲಾದರೂ ಇನ್ನೂ ಓಡುತ್ತಿದ್ದರೆ ಅದಕ್ಕೆ ಮಾತ್ರ ಬೇರೆ ಗೇರ್ ಆಯಿಲ್ ಬೇಕು. ಎಲೆಕ್ಟ್ರಿಕ್ ಸ್ಕೂಟರಿಗೆ ಎಂಜಿನ್ ಆಯಿಲ್ ಇಲ್ಲ. ಆದರೆ ಕೆಲವದರಲ್ಲಿ ಗೇರ್ ಪೆಟ್ಟಿಗೆ ಇರುತ್ತದೆ, ಪುಸ್ತಕ ನೋಡಿಕೊಳ್ಳಿ. ಇನ್ನು ಆಟೋಮ್ಯಾಟಿಕ್ ಕಾರು? ಕೈಹಾಕಲೇಬೇಡಿ. ಅದರ ಎಣ್ಣೆ ಬೇರೆ, ಅಳೆಯುವ ರೀತಿ ಬೇರೆ. ಅದು ಸರ್ವೀಸ್ ಸೆಂಟರ್ ಕೆಲಸ.

ಸ್ಕೂಟರಿಗೆ ಹಾಕುವ ಕ್ರಮ

1. ಹತ್ತು ನಿಮಿಷ ಓಡಿಸಿ ಬನ್ನಿ. ಬೆಚ್ಚಗಾದ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಸೈಲೆನ್ಸರ್ ತಣ್ಣಗಾಗಲು ಬಿಡಿ.

2. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಕೆಳಗೆ ಹಳೇ ಬೇಸಿನ್, ಪೇಪರ್ ಇಡಿ. ಕೈಗೆ ಗ್ಲೌಸ್ ಇರಲಿ.

3. ಮೊದಲು ಬಿಚ್ಚಬೇಕಾದ್ದು ಎಣ್ಣೆ ಹಾಕುವ ಮೇಲಿನ ಬೋಲ್ಟ್. ಆಮೇಲೆ ಕೆಳಗಿನದು. ಇದು ಮುಖ್ಯ! ಕೆಳಗಿನದು ಬಿಚ್ಚಿ ಎಣ್ಣೆ ಇಳಿಸಿಬಿಟ್ಟ ಮೇಲೆ ಮೇಲಿನ ಬೋಲ್ಟ್ ಜಾಮ್ ಆಗಿದ್ದರೆ? ಎಣ್ಣೆ ಇಲ್ಲದ ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡೇ ಹೋಗಬೇಕು.

4. ಹೊರಬಂದ ಎಣ್ಣೆಯನ್ನು ಅಳೆಯಿರಿ. ಹಾಕಬೇಕಾದ್ದಕ್ಕಿಂತ ತುಂಬಾ ಕಮ್ಮಿ ಬಂದರೆ ಎಲ್ಲೋ ಸೋರಿಕೆ ಇದೆ. ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಗಾಡಿ ಮುಳುಗಿದ್ದರೆ ಹೀಗಾಗುತ್ತದೆ. ಲೋಹದ ಚೂರುಗಳು ಕಂಡರೆ ಮೆಕ್ಯಾನಿಕ್ಕಿಗೆ ತೋರಿಸಿ.

5. ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಜೋರು ತೋರಿಸಬೇಡಿ. ಪೆಟ್ಟಿಗೆ ಅಲ್ಯೂಮಿನಿಯಂನದು, ಮರೆ ಕಿತ್ತುಹೋಗುತ್ತದೆ.

6. ಪಂಪಿನಿಂದ ಅಳತೆ ಮಾಡಿದ ಎಣ್ಣೆ ಹಾಕಿ. ನಿಧಾನವಾಗಿ ಎಳೆಯಿರಿ, ನಿಧಾನವಾಗಿ ಒತ್ತಿ. ಅವಸರದಲ್ಲಿ ಎಳೆದರೆ ಗಾಳಿಯೇ ತುಂಬುತ್ತದೆ. 'ಇರಲಿ' ಅಂತ ಜಾಸ್ತಿ ಹಾಕಬೇಡಿ, ಹೆಚ್ಚಾದದ್ದು ಸೀಲಿನಿಂದ ಹೊರಬರುತ್ತದೆ.

7. ಮೇಲಿನ ಬೋಲ್ಟ್ ಮುಚ್ಚಿ, ಒರೆಸಿ, ಒಂದು ಸುತ್ತು ಓಡಿಸಿ ಬಂದು ಹನಿ ಇದೆಯೇ ನೋಡಿ. ದಿನಾಂಕ, ಕಿಲೋಮೀಟರ್ ಎರಡನ್ನೂ ಕ್ಯಾಲೆಂಡರ್ ಮೇಲೆ ಬರೆದಿಡಿ, ಹಾಲಿನ ಲೆಕ್ಕದ ಪಕ್ಕದಲ್ಲೇ!

ಎಣ್ಣೆ ಮಂದವಾಗಿದ್ದರೆ ಮುಚ್ಚಳ ಬಿಗಿಯಾಗಿರುವ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಡಿ. ಒಲೆಯ ಮೇಲೆ ಮಾತ್ರ ಇಡಬೇಡಿ.

ಕಾರಿಗೆ ಈ ಕ್ರಮ ಅಷ್ಟು ಸುಲಭವಲ್ಲ. ಎಷ್ಟೋ ಕಾರಿನಲ್ಲಿ ಅಡಿಗೆ ಹೋಗಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ನೀವೂ ಹೋಗಬೇಡಿ, ಮನೆಯವರನ್ನೂ ಬಿಡಬೇಡಿ. ಜ್ಯಾಕ್ ಜಾರಿದರೆ ಪ್ರಾಣಕ್ಕೇ ಬರುತ್ತದೆ. ಸರಿಯಾದ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿಗೇ ಕೊಡಿ, ಎದುರಿಗೆ ನಿಂತು ಹಾಕಿಸಿ. ಕಾರಿನ ಗೇರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ತೂತಿನ ಕೆಳ ಅಂಚಿನವರೆಗೆ ಎಣ್ಣೆ ಇರಬೇಕು. ಹಾಕುತ್ತಾ ಹಾಕುತ್ತಾ ಅಂಚಿನಿಂದ ಹೊರಗೆ ಜಿನುಗಲು ಶುರುವಾದರೆ ತುಂಬಿತು ಅಂತ ಲೆಕ್ಕ. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವೀಸಿನಲ್ಲೇ ಮಾಡಿಸಿ ಬಿಲ್ ಇಟ್ಟುಕೊಳ್ಳುವುದು ಜಾಣತನ.

ಮಕ್ಕಳಿರುವ ಮನೆ, ನೆನಪಿರಲಿ

* ಪೈಪನ್ನು ಬಾಯಿಗಿಟ್ಟು ಎಣ್ಣೆ, ಪೆಟ್ರೋಲ್, ಸೀಮೆಎಣ್ಣೆ ಯಾವುದನ್ನೂ ಎಳೆಯಬೇಡಿ. ಗಂಡಸರಿಗೆ ಈ ಅಭ್ಯಾಸ ಜಾಸ್ತಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಪಂಪ್ ಇರುವುದು ಇದಕ್ಕೇ.

* ಉಳಿದ ಎಣ್ಣೆಯನ್ನು ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ಹಾಕಿಡಬೇಡಿ. ಅದರ ಡಬ್ಬದಲ್ಲೇ ಇರಲಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ. ಡಬ್ಬದ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.

* ನೆಲಕ್ಕೆ ಚೆಲ್ಲಿದರೆ ನೀರು ಹಾಕಬೇಡಿ, ಹರಡುತ್ತದೆ. ಮರಳೋ, ಮರದ ಪುಡಿಯೋ ಉದುರಿಸಿ ಹೀರಿಕೊಂಡ ಮೇಲೆ ಗುಡಿಸಿ. ಇಲ್ಲದಿದ್ದರೆ ಬೆಳಗ್ಗೆ ರಂಗೋಲಿ ಹಾಕಲು ಬಂದವರು ಜಾರುತ್ತಾರೆ.

* ಕೈಯ ಜಿಡ್ಡಿಗೆ ಕಡಲೆಹಿಟ್ಟು ಅಥವಾ ಸೀಗೆಪುಡಿ ಉಜ್ಜಿ, ಆಮೇಲೆ ಸೋಪು. ಗೇರ್ ಆಯಿಲಿನ ಆ ಗಂಧಕದ ವಾಸನೆ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ಹಳೇ ನೈಟಿಯೇ ಸರಿ!

ಹಳೇ ಎಣ್ಣೆ ಎಲ್ಲಿ ಸುರಿಯಬೇಕು?

ಚರಂಡಿಗಂತೂ ಅಲ್ಲ. ತೆಂಗಿನ ಬುಡಕ್ಕೂ ಅಲ್ಲ. 'ಗೆದ್ದಲಿಗೆ ಒಳ್ಳೆಯದು' ಅಂತ ಬಾಗಿಲು ಚೌಕಟ್ಟಿಗೆ ಹಚ್ಚುವುದೂ ಬೇಡ. ಬಳಸಿದ ಎಣ್ಣೆ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳಲ್ಲೇ ಇದು ಸೇರಿದೆ. 2023ರಲ್ಲಿ ಆದ ತಿದ್ದುಪಡಿಯಂತೆ, ಬಳಸಿದ ಎಣ್ಣೆಯ ಮರುಬಳಕೆಗೆ ಎಣ್ಣೆ ತಯಾರಿಸುವ ಕಂಪನಿಗಳೂ ಜವಾಬ್ದಾರರು. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾವು ಮಾಡಬೇಕಾದ್ದು ಇಷ್ಟೇ. ಒಂದು ಗಟ್ಟಿ ಡಬ್ಬದಲ್ಲಿ ಮುಚ್ಚಿಟ್ಟು, ಹೆಸರು ಬರೆದು, ಹಳೇ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡುವುದು. ಬಿ.ಎಚ್. ರಸ್ತೆಯಲ್ಲಿ ಗ್ಯಾರೇಜಿಗೇನು ಬರವೇ?

ಹಾಕುವುದು ಬೇಡ ಅಂದರೂ...

'ಇಷ್ಟೆಲ್ಲಾ ನನ್ನಿಂದ ಆಗಲ್ಲಪ್ಪ' ಅನ್ನುವವರು ಗಾಬರಿಯಾಗಬೇಡಿ. ಎಲ್ಲರೂ ಪಂಪ್ ಹಿಡಿಯಲೇಬೇಕು ಅಂತಿಲ್ಲ. ಆದರೆ ಗ್ಯಾರೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಯಾವ ಎಣ್ಣೆ ಹಾಕ್ತೀರಾ? ಎಷ್ಟು ಮಿ.ಲೀ.? ಹಳೇದು ಎಷ್ಟು ಹೊರಬಂತು, ತೋರಿಸ್ತೀರಾ? ವಾಷರ್ ಬದಲಿಸಿದ್ರಾ? ಈ ನಾಲ್ಕು ಕೇಳಿದ ಹೆಂಗಸಿನ ಗಾಡಿಯ ಬೋಲ್ಟ್ ಮೇಲೆ ಮಣ್ಣು ಹಾಗೇ ಉಳಿಯುವುದಿಲ್ಲ.

'ಹೆಂಗಸರಿಗೆ ಮೆಷಿನ್ ಕೆಲಸ ಎಲ್ಲಿ ತಿಳಿಯುತ್ತೆ' ಅನ್ನುವವರು ಈಗಲೂ ಇದ್ದಾರೆ. ನಮ್ಮ ತುಮಕೂರಿನವರು ಹಾಗೆ ಅನ್ನಲೇಬಾರದು. ಇಲ್ಲಿ ಎಚ್ಎಂಟಿಯ ವಾಚ್ ಕಾರ್ಖಾನೆಯೇ ಇತ್ತು. ಆ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಎಚ್ಎಂಟಿ ವಾಚ್ ಕಾರ್ಖಾನೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಚಕ್ರಗಳನ್ನು ಜೋಡಿಸುತ್ತಿದ್ದವರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು. ಅಂಥ ಕೈಗಳಿಗೆ ಸ್ಕೂಟರಿನ ದಪ್ಪ ದಪ್ಪ ಹಲ್ಲುಚಕ್ರ ಯಾವ ಲೆಕ್ಕ?

ಮುಂದಿನ ಸಲ ತರಕಾರಿಗೆ ಅಂತ ಹೊರಟಾಗ ಸ್ಕೂಟರಿನ ಪುಸ್ತಕ ಒಮ್ಮೆ ತಿರುವಿ ಹಾಕಿ. ಗೇರ್ ಆಯಿಲ್ ಯಾವಾಗ ಬದಲಿಸಬೇಕು, ಎಷ್ಟು, ಯಾವುದು ಅನ್ನುವ ಮೂರು ವಿವರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದನ್ನು ಸೀಟಿನ ಕೆಳಗೆ ಇಡಿ. ಪಂಪ್ ತರುವುದು ಆಮೇಲಾದರೂ ಆಗಲಿ. ಎಣ್ಣೆ ಸ್ನಾನ ನಮಗೆ ವರ್ಷಕ್ಕೊಮ್ಮೆ ದೀಪಾವಳಿಗಾದರೂ ಆಗುತ್ತದೆ. ದಿನವೂ ನಮ್ಮನ್ನು ಹೊರುವ ಆ ಗಾಡಿಗೂ ಹೊತ್ತಿಗೆ ಸರಿಯಾಗಿ ಒಂದು ಲೋಟ ಎಣ್ಣೆ ಸಿಗಲಿ, ಅಲ್ಲವೇನ್ರೀ?